ಪದಚರ್ಚೆ: ‘ಅರೆಕಾ’ ಅಂದರೆ ಅಡಿಕೆನಾ, ಅಲ್ವಾ?

ಬಳಗದವರಿಗೆ ನಮಸ್ಕಾರ.

ನಮ್ಮ ಹಾಲ್‌ನ ಒಂದು ಮೂಲೆ ಬೋಳಾಗಿ ಕಾಣುತ್ತಿತ್ತು. ಉದ್ದ ಬೆಳೆಯುವ ಗಿಡ ಬೇಕು ಅಂತ ನರ್ಸರಿಗೆ ಹೋದೆ. ಐದಡಿಯದೊಂದನ್ನು ಆಟೋದಲ್ಲಿ ಓರೆಯಾಗಿ ಮಲಗಿಸಿಕೊಂಡು ಬಂದೆ. ಕುಂಡದ ಚೀಟಿಯಲ್ಲಿ ‘ಅರೆಕಾ ಪಾಮ್’ ಅಂತ ಇತ್ತು. ಸಾಗರದಿಂದ ಬಂದಿದ್ದ ಅಮ್ಮ ಬುಡ ನೋಡಿದಳು. “ಇದೆಂಥ ಅಡಿಕೆ ಮಾರಾಯ, ಒಂದೇ ಬುಡದಲ್ಲಿ ಹನ್ನೆರಡು ಎದ್ದಿದೆಯಲ್ಲ!” ಅಂದಳು. ಅಡಿಕೆ ಅಲ್ಲಮ್ಮ, ಅರೆಕಾ ಅಂದೆ. ಅಂದ ಮೇಲೆ ನನಗೇ ಅನುಮಾನ ಶುರುವಾಯಿತು.

ಹುಡುಕಿ ನೋಡಿದರೆ ‘ಅರೆಕಾ’ ನಮ್ಮ ಕಡೆಯದೇ ಮಾತು. ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಿಗೆ ಬಿದ್ದು ‘ಅರೆಕಾ’ ಆಯಿತು ಅನ್ನುತ್ತವೆ ನಿಘಂಟುಗಳು. ನಮ್ಮ ‘ಅಡಿಕೆ’ ಅದರ ಒಡಹುಟ್ಟು. ಅವರ ನಾಲಿಗೆಗೆ ನಮ್ಮ ಡಕಾರ ಹೊರಳಲಿಲ್ಲ, ರಕಾರವಾಯಿತು. 1753ರಲ್ಲಿ ಸ್ವೀಡನ್ನಿನ ಸಸ್ಯ ವಿಜ್ಞಾನಿ ಲಿನೇಯಸ್ ಅಡಿಕೆ ಮರದ ಕುಲಕ್ಕೆ ಇದೇ ಹೆಸರು ಬಳಸಿದ.

ಇಲ್ಲಿಯವರೆಗೆ ಸರಿ. ಆದರೆ ನಮ್ಮ ಕುಂಡದಲ್ಲಿರುವುದು ಅಡಿಕೆ ಅಲ್ಲವೇ ಅಲ್ಲ. ಅದು ಮಡಗಾಸ್ಕರ್ ದ್ವೀಪದ ಗಿಡ. ಗಿಡ ಮಾರುವವರು ಹಿಂದೆ ಅದನ್ನು ‘ಅರೆಕಾ ಲುಟೆಸೆನ್ಸ್’ ಅನ್ನುತ್ತಿದ್ದರು. ಸಸ್ಯ ವಿಜ್ಞಾನಿಗಳು ಅದನ್ನು ಬೇರೆ ಕುಲಕ್ಕೆ ಸೇರಿಸಿ ಎಷ್ಟೋ ಕಾಲವಾಯಿತು. ಚೀಟಿ ಬರೆಯುವವರು ಮಾತ್ರ ಹಳೇ ಹೆಸರು ಬಿಟ್ಟಿಲ್ಲ. ಲುಟೆಸೆನ್ಸ್ ಅಂದರೆ ಹಳದಿ ಛಾಯೆಯದು. ದಂಟು ನೋಡಿ, ಹಳದಿಯೇ. ಅಂತೂ ಅಡಿಕೆಯ ಹೆಸರು ಸಮುದ್ರ ದಾಟಿ, ಯಾರದೋ ಗಿಡಕ್ಕೆ ಅಂಟಿಕೊಂಡು, ವೇಷ ಬದಲಿಸಿ ಅಡಿಕೆ ಬೆಳೆಯುವವರ ಮನೆಗೇ ಬಂದಿದೆ.

ಮೊದಲ ಪ್ರಶ್ನೆ: ಇದನ್ನು ಕನ್ನಡದಲ್ಲಿ ಏನನ್ನೋಣ? ‘ಅರೆಕಾ ತಾಳೆ’ ಅಂದರೆ ನನಗೆ ತಾಟಿನುಂಗು ನೆನಪಾಗುತ್ತದೆ. ‘ಮನೆ ಅಡಿಕೆ’ ಅಂದರೆ ಯಾರಾದರೂ ಸುಲಿಯಲು ಬಂದಾರು. ಅಮ್ಮ ಆಗಲೇ ‘ಶೋಕಿ ಅಡಿಕೆ’ ಅಂತ ಹೆಸರಿಟ್ಟಿದ್ದಾಳೆ. ಇದುವರೆಗೆ ಕೇಳಿದ್ದರಲ್ಲಿ ನನಗೆ ಅದೇ ವಾಸಿ.

ಎಲೆಯ ಮಾತೂ ಇದೆ. ಪಕ್ಕದ ಮನೆಯವರು ತೆಂಗಿನ ಲೆಕ್ಕದಲ್ಲಿ ‘ಗರಿ’ ಅನ್ನುತ್ತಾರೆ. ಅಮ್ಮನಿಗೆ ಅದು ‘ಸೋಗೆ’. ಹಳೇ ಸೋಗೆ ಒಣಗಿದಾಗ ಬುಡದಿಂದ ಅಂಗೈ ಅಗಲದ ಹಾಳೆಯೂ ಕಳಚಿ ಬಂತು. ಅಮ್ಮ ಅದನ್ನು ಬಿಡಿಸಿ ಹಿಡಿದು, “ಟೊಪ್ಪಿ ಮಾಡಿದರೆ ಬೆಕ್ಕಿಗೆ ಆದೀತು” ಅಂದಳು. ತೋಟದ ಮಾತು ಫ್ಲಾಟಿನಲ್ಲೂ ಸಲೀಸಾಗಿ ನಡೆಯುತ್ತದೆ.

ಮಾತಷ್ಟೇ ಅಲ್ಲ, ತೋಟದ ಬುದ್ಧಿಯೂ. ತಂದ ಹೊಸದರಲ್ಲಿ ಬಿಸಿಲು ಬೇಕಲ್ಲ ಅಂತ ಗಿಡವನ್ನು ಪಡುವಣ ಬಾಲ್ಕನಿಗೆ ಇಟ್ಟಿದ್ದೆ. ನಾಲ್ಕೇ ದಿನಕ್ಕೆ ಸೋಗೆಯ ತುದಿಯೆಲ್ಲ ಕಾಫಿ ಚೆಲ್ಲಿದ ಕಾಗದದ ಹಾಗಾಯಿತು. ಸಂಜೆ ಬಿಸಿಲು ತಾಗದಿರಲಿ ಅಂತ ಊರಲ್ಲಿ ಎಳೇ ಅಡಿಕೆ ಮರಕ್ಕೆ ಸೋಗೆ ಕಟ್ಟುತ್ತಾರೆ, ಸುಣ್ಣವನ್ನೂ ಬಳಿಯುತ್ತಾರೆ. ಅದನ್ನು ನೋಡಿಯೇ ಬೆಳೆದವನು ನಾನು! ಈಗ ಗಿಡ ಮೂಡಣ ಕಿಟಕಿಯ ಹತ್ತಿರ, ತೆಳು ಪರದೆಯ ಹಿಂದೆ ಇದೆ. ದಿನಾ ನೀರು ಹಾಕಿ ಅಂತ ನರ್ಸರಿಯಲ್ಲಿ ಹೇಳಿದ್ದರು. ಅಮ್ಮ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡುತ್ತಾಳೆ, ಒಣಗಿದ್ದರೆ ಮಾತ್ರ ಚೊಂಬು ಎತ್ತುತ್ತಾಳೆ. ಲೇಖನಗಳಲ್ಲಿ ‘ನೀರುಣಿಸಿ’ ಅಂತ ಬರೆಯುತ್ತಾರಲ್ಲ, ಹಸಿವೆ ಇಲ್ಲದಾಗ ಉಣಿಸಿದರೆ ಬೇರು ಕೊಳೆಯುತ್ತದೆ.

ಎರಡನೆಯದು ಸಣ್ಣ ತಕರಾರು. ‘ಒಳಾಂಗಣ ಸಸ್ಯ’ ಅಂತ ಬರೆಯುತ್ತಾರೆ. ಅಂಗಣ ಅಂದರೆ ಅಂಗಳ. ಒಳಗಿನ ಅಂಗಳ ಅಂದರೆ ತೊಟ್ಟಿಮನೆಯ ನಡುವಿನ ಜಾಗ. ಅಲ್ಲಿ ಮಳೆ, ಬಿಸಿಲು ಎರಡೂ ಬೀಳುತ್ತದೆ! ಬೆಂಗಳೂರಿನವರಿಗೆ ಕಂಠೀರವ ಒಳಾಂಗಣ ಕ್ರೀಡಾಂಗಣದಿಂದ ಕಿವಿ ಒಗ್ಗಿರಬಹುದು. ‘ಮನೆಯೊಳಗಿನ ಗಿಡ’ ಸಾಕಲ್ವಾ? ಮತ್ತೆ, ಒಳ ಮತ್ತು ಅಂಗಣ ಸೇರಿದರೆ ಲೋಪಸಂಧಿಯಾಗಿ ‘ಒಳಂಗಣ’ ಆಗಬೇಕಿತ್ತು. ಆ ದೀರ್ಘ ಎಲ್ಲಿಂದ ಬಂತು? ಬಲ್ಲವರು ಹೇಳಿ.

ಕೊನೆಯದು ನಿಜವಾಗಿ ಬೇಕಾದ ಪದ. ನಮ್ಮಲ್ಲಿ ಇನ್ನೊಂದು ಉದ್ದದ ಗಿಡ ಇದೆ, ರಬ್ಬರ್ ಗಿಡ. (ಸುಳ್ಯ ಕಡೆಯವರು ನಗಬೇಡಿ. ನಿಮ್ಮ ತೋಟದ್ದು ಬ್ರೆಜಿಲ್ ಮೂಲದ ಬೇರೆ ಮರ. ಇದು ಆಲ, ಅತ್ತಿ, ಅರಳಿಯ ಬಳಗದ್ದು.) ಅದನ್ನು ಬೆಳಕು ಕಡಿಮೆ ಇರುವ ಪ್ಯಾಸೇಜಿನಲ್ಲಿ ಇಟ್ಟಿದ್ದೆ. ಮೊದಲು ಎಲೆಯಿಂದ ಎಲೆಗೆ ಎರಡು ಬೆರಳು ಅಂತರ ಇತ್ತು, ಈಗ ಗೇಣು ಹತ್ತಿರ ಬಂದಿದೆ. ಕಾಂಡ ಕಡ್ಡಿಯಾಗಿ ಕಿಟಕಿ ಕಡೆ ವಾಲಿದೆ. ತುದಿ ಚಿವುಟಿದ್ದೇನೆ. ಹಾಲು ಸುರಿಯಿತು, ಪಕ್ಕದಲ್ಲಿ ಎರಡು ಚಿಗುರೂ ಕಂಡಿತು. ಗಿಡದ ಚಿಂತೆ ಇಲ್ಲ.

ಆದರೆ ಹೀಗೆ ಬೆಳಕಿಗಾಗಿ ನೀಳವಾಗಿ ಎದ್ದ ಗಿಡಕ್ಕೆ ಏನನ್ನುತ್ತೀರಿ? ‘ಸೊರಗಿದೆ’ ಅನ್ನೋಣ ಅಂದರೆ ಎಲೆ ಬಾಡಿಲ್ಲ. ‘ಪೀಚು’ ಹತ್ತಿರ ಬರುತ್ತದೆ, ಆದರೆ ಪೀಚು ಅಂದರೆ ಬೆಳೆಯದೇ ಉಳಿದದ್ದು. ಇದು ಬೆಳೆದಿದೆ, ಜಾಸ್ತಿಯೇ ಬೆಳೆದಿದೆ. ಅಮ್ಮ “ನೆರಳಿಗೆ ಬೆಳೆದದ್ದು” ಅನ್ನುತ್ತಾಳೆ, ಅದು ವಿವರಣೆ ಆಯಿತು. ತಂಬಾಕು, ಟೊಮೆಟೊ ಸಸಿ ಮಾಡುವವರು ಇದನ್ನು ದಿನಾ ನೋಡುತ್ತಿರುತ್ತಾರೆ, ಅವರ ಬಾಯಲ್ಲಿ ಒಂದು ಮಾತು ಇದ್ದೇ ಇರಬೇಕು. ಗೊತ್ತಿದ್ದವರು ತಿಳಿಸಿ, ಯಾವ ಊರಿನ ಕಡೆಯ ಮಾತು ಅನ್ನುವುದನ್ನೂ ಸೇರಿಸಿ.