ಚಿಕ್ಕ ಮಕ್ಕಳ ಜೊತೆ ಕೃತಜ್ಞತೆಯ ಅಭ್ಯಾಸ: ರಾತ್ರಿ ಡೈರಿ ಬರೆಯೋಕೆ ಆಗ್ತಿಲ್ಲ, ಬೇರೆ ದಾರಿ ಇದೆಯಾ?

ಸಂಪಿಗೆ_ಮರ:
ಮಗಳಿಗೆ 3 ವರ್ಷ, ಮಗನಿಗೆ 8 ತಿಂಗಳು. ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಯಿರಿ ಅಂತ ಎಲ್ಲರೂ ಹೇಳ್ತಾರೆ. ಹತ್ತು ಗಂಟೆಗೆ ಪೆನ್ನು ಹಿಡಿದರೆ "ಮಕ್ಕಳು ಆರೋಗ್ಯವಾಗಿದ್ದಾರೆ" ಅನ್ನೋದು ಬಿಟ್ಟು ಬೇರೇನೂ ಹೊಳೆಯಲ್ಲ. ನನಗೆ ಬೇಕಿರೋದು ಮಕ್ಕಳ ಜೊತೆ ಇರೋ ಹೊತ್ತಲ್ಲಿ ಮನಸ್ಸೂ ಅಲ್ಲೇ ಇರೋದು. ಹಠ ಹಿಡಿದಾಗ ಏನು ಮಾಡಬೇಕು? ಮಗಳಿಗೂ ಈಗಲೇ ಕಲಿಸಬಹುದಾ?

ಹಾಲಿನ_ಲೆಕ್ಕ:
ಇಡೀ ದಿನ ದಣಿದ ತಲೆಗೆ ರಾತ್ರಿ ಹತ್ತಕ್ಕೆ ಸಿಗೋದು ಬರೀ ಸಾರಾಂಶ. ಹಾಗಾಗಿ ಹೊಸ ಸಮಯ ಹುಡುಕಬೇಡಿ, ಕೈ ಆಗಲೇ ಮಾಡ್ತಿರೋ ಒಂದು ಕೆಲಸಕ್ಕೆ ಇದನ್ನ ಗಂಟು ಹಾಕಿ. ಸ್ನಾನ ಆದಮೇಲೆ ತಲೆ ಒರೆಸೋ ಹೊತ್ತು ಬಹಳ ಒಳ್ಳೇದು. ದಿನಾ ಬರುತ್ತೆ, ಎರಡೂ ಕೈ ಟವೆಲ್ ಮೇಲಿರೋದ್ರಿಂದ ಫೋನ್ ಹಿಡಿಯೋಕಾಗಲ್ಲ, ಮಗುವಿನ ಮುಖ ಒಂದು ಗೇಣು ದೂರದಲ್ಲೇ ಇರುತ್ತೆ.

ಟವೆಲ್ ತಲೆ ಮೇಲೆ ಬಿದ್ದ ಕೂಡಲೇ ಒಮ್ಮೆ ಉಸಿರು ಪೂರ್ತಿ ಹೊರಗೆ ಬಿಡಿ. ಕಣ್ಣು, ಕಿವಿ, ಮೂಗು, ಕೈ ಯಾವುದಕ್ಕಾದರೂ ಸಿಗುವ ಒಂದನ್ನ ಮೆಲ್ಲಗೆ ಬಾಯಿಬಿಟ್ಟು ಹೇಳಿ: "ಕಿವಿ ಹಿಂದೆ ಇನ್ನೂ ಕಡಲೆಹಿಟ್ಟಿನ ವಾಸನೆ ಇದೆ." ಆಮೇಲೆ ಅದರ ಹಿಂದಿರೋ ಒಬ್ಬರನ್ನ ನೆನೆಯಿರಿ. ನೀರು ಕಾಯಿಸಿದವರು, ಹಿಟ್ಟು ಬೀಸಿಸಿ ಕಳಿಸಿದ ಅಜ್ಜಿ, ಯಾರಾದರೂ ಸರಿ. ಒಟ್ಟು 15 ಸೆಕೆಂಡು. ಈ ಕೊನೆಯ ಹೆಜ್ಜೆ ಬಿಟ್ಟರೆ ಅದು ಬರೀ ಗಮನಿಸೋದಾಗುತ್ತೆ. ಯಾರಿಂದ ಬಂತು ಅಂತ ನೆನೆದಾಗಲೇ ಕೃತಜ್ಞತೆ.

"ಆರೋಗ್ಯವಾಗಿದ್ದಾರೆ" ಅನ್ನೋದನ್ನ ನಿನ್ನೆಯೂ ಹೇಳಬಹುದಿತ್ತು, ನಾಳೆಯೂ ಹೇಳಬಹುದು. ಅದಕ್ಕೇ ಅದು ಮನಸ್ಸನ್ನ ಈ ಹೊತ್ತಿಗೆ ಎಳೆದು ತರಲ್ಲ. ಇವತ್ತಿಗೆ ಮಾತ್ರ ಹೊಂದುವ ಮಾತು ಸಿಗೋ ತನಕ ಹತ್ತಿರದಿಂದ ನೋಡಿ. (ಮಗುವನ್ನ ಹೊಗಳಿದರೆ ದೃಷ್ಟಿಯಾಗುತ್ತೆ ಅಂತ ಹಿರಿಯರು ತಡೆದರೆ, ಅಂದ ಚಂದ ಬಿಟ್ಟು ಹೀಗೆ ವಾಸನೆ, ಸದ್ದು ಹೇಳಿದರೆ ಅವರಿಗೂ ಬೇಸರವಿಲ್ಲ.)

ಎರಡು ವಾರ ಇದೊಂದೇ ಮಾಡಿ, ಆಮೇಲೆ ಕೈತುತ್ತಿನ ಮೊದಲ ತುತ್ತು ಸೇರಿಸಿ. ಒಂದೇ ಸಲ ಮೂರು ನಾಲ್ಕು ಕಡೆ ಶುರು ಮಾಡಿದರೆ ಎಲ್ಲವೂ ಬಿಟ್ಟುಹೋಗುತ್ತೆ.

ಬರೆಯೋದು ವಾರಕ್ಕೊಮ್ಮೆ ಸಾಕು. ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲಫ್ ಕೃತಜ್ಞತೆ ಬಗ್ಗೆ 2003ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದ ಮೊದಲ ಭಾಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ವಾರಕ್ಕೊಮ್ಮೆ, ಹೆಚ್ಚೆಂದರೆ 5 ಸಂಗತಿ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ 6 ವಾರಗಳ ಪ್ರಯೋಗದಲ್ಲಂತೂ ವಾರಕ್ಕೊಮ್ಮೆ ಬರೆದವರಿಗೆ ಲಾಭ ಕಂಡಿತು, ವಾರಕ್ಕೆ 3 ಸಲ ಬರೆದವರಿಗೆ ಕಾಣಲಿಲ್ಲ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನ ಭಾನುವಾರದ ಚೌಕದಲ್ಲಿ ಪೆನ್ಸಿಲಿನಿಂದ ನಾಲ್ಕೈದು ಪದ ಬರೆಯಿರಿ. ಫೋನಿನಲ್ಲಿ ಬರೆಯಬೇಡಿ, ಬರೆದು ಮುಗಿಸೋಷ್ಟರಲ್ಲಿ ಇನ್ನೊಂದು ಮೆಸೇಜ್ ಕಣ್ಣಿಗೆ ಬಿದ್ದಿರುತ್ತೆ.

ಅಂಗಳದ_ಅಕ್ಷರ:
ಹಠದ ಪ್ರಶ್ನೆಗೆ: ಮಗು ರಚ್ಚೆ ಹಿಡಿದಾಗ ಕೃತಜ್ಞತೆ ತರಬೇಡಿ. ಆಗ ಬಲವಂತವಾಗಿ ಒಳ್ಳೇದನ್ನ ನೆನೆದರೆ "ಇಷ್ಟೆಲ್ಲ ಇದ್ದೂ ನನಗೆ ಸಿಟ್ಟು ಬರ್ತಿದೆಯಲ್ಲ" ಅನ್ನೋ ತಪ್ಪಿತಸ್ಥ ಭಾವ ಸಿಟ್ಟಿನ ಮೇಲೆ ಕೂರುತ್ತೆ. ಮೊದಲು ನೆಲಕ್ಕೆ ಕೂತು ಮಗುವಿನ ಕಣ್ಣಿನ ಎತ್ತರಕ್ಕೆ ಬನ್ನಿ, ಮಾತು ಕಡಿಮೆ ಮಾಡಿ. ತಣ್ಣಗಾದ ಮೇಲೆ, ನೀರು ಕುಡಿಸುವಾಗ, ಒಂದು ಮಾತು ಸಾಕು: "ಅತ್ತು ಮುಗಿಸಿ ನನ್ನ ಹತ್ತಿರಾನೇ ಬಂದೆ."

3 ವರ್ಷದ ಮಗುವಿಗೆ "ಥ್ಯಾಂಕ್ಯೂ ಹೇಳು, ಹೇಳು" ಅಂತ ಒತ್ತಾಯಿಸಿದರೆ ಅದು ಕಲಿಯೋದು ಪದವನ್ನ ಮಾತ್ರ. ಕೊಟ್ಟವರ ಮನಸ್ಸಲ್ಲಿ ಏನಿತ್ತು ಅಂತ ಊಹಿಸೋ ಶಕ್ತಿ ಸಾಮಾನ್ಯವಾಗಿ 4–5ನೇ ವಯಸ್ಸಿಗೆ ಗಟ್ಟಿಯಾಗುತ್ತೆ. ಅಲ್ಲಿಯವರೆಗೆ ನೀವು ಹೇಳೋದು ಅವಳ ಕಿವಿಗೆ ಬಿದ್ದರೆ ಸಾಕು. ಮಲಗುವಾಗ "ಇವತ್ತು ಏನು ಚೆನ್ನಾಗಿತ್ತು?" ಅಂದರೆ ಉತ್ತರ ಬರಲ್ಲ, ಪ್ರಶ್ನೆ ತುಂಬಾ ಅಗಲ. "ಇವತ್ತು ನಿನಗೆ ಜಡೆ ಹಾಕಿದ್ದು ಯಾರು?" ಅಂತ ಕೇಳಿ.

ಸಂಪಿಗೆ_ಮರ:
ಟವೆಲ್ ವಿಚಾರ ನಾಳೆಯಿಂದಲೇ. ಆದರೆ ಮನೆಯವರಿಗೆ ದಿನಾ ಥ್ಯಾಂಕ್ಸ್ ಹೇಳಿದರೆ ಕೃತಕ ಅನಿಸುತ್ತೆ. ಇನ್ನೊಂದು, ಏನು ನೋಡಿದರೂ ಒಳಗೆ ಏನೂ ಅನಿಸದ ದಿನ ಏನು ಮಾಡೋದು?

ಹಾಲಿನ_ಲೆಕ್ಕ:
ಥ್ಯಾಂಕ್ಸ್ ಪದವೇ ಬೇಡ. ಅವರು ಮಾಡಿದ್ದು, ಅದರಿಂದ ಆದದ್ದು, ಎರಡನ್ನೂ ಸೇರಿಸಿ ಹೇಳಿ: "ಬೆಳಿಗ್ಗೆ ನೀವು ಪಾಪೂನ ಎತ್ಕೊಂಡು ಹೋಗಿದ್ದಕ್ಕೆ ನಾನು ಇನ್ನೊಂದು ಗಂಟೆ ಮಲಗಿದೆ." "ಹೆಲ್ಪ್ ಮಾಡಿದ್ರಿ" ಅನ್ನಬೇಡಿ, ಅವರ ಮಗುವನ್ನ ಅವರು ನೋಡಿಕೊಳ್ಳೋದು ಸಹಾಯ ಅಲ್ಲ.

ಮಡಿಲು_ತೊಟ್ಟಿಲು:
ಏನೂ ಅನಿಸದ ದಿನ ಬಿಟ್ಟುಬಿಡಿ, ಮಲಗಿ. ನಿದ್ದೆಗೆಟ್ಟ ತಲೆಗೆ ಬೇಕಿರೋದು ನಿದ್ದೆ. ಆದರೆ ಅಂಥ ದಿನಗಳು ಎರಡು ವಾರ ಒಂದೇ ಸಮನೆ ಬಂದರೆ, ಮಗು ಮಲಗಿದ್ದಾಗಲೂ ನಿಮಗೆ ನಿದ್ದೆ ಹತ್ತದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ ಇದು ಅಭ್ಯಾಸದಿಂದ ಸರಿಹೋಗೋ ವಿಷಯ ಅಲ್ಲ. ಬಾಣಂತನ ಮುಗಿದು ತಿಂಗಳುಗಳಾದ ಮೇಲೂ ಖಿನ್ನತೆ ಬರಬಹುದು. ವೈದ್ಯರು ಖಿನ್ನತೆಯ ಸೂಚನೆ ಇದೆಯಾ ಅಂತ ನೋಡೋಕೆ, ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆಗಳಿರೋ ಎಡಿನ್‌ಬರಾ ಪಟ್ಟಿಯಿಂದ ಶುರು ಮಾಡಬಹುದು, ಕೆಲವೇ ನಿಮಿಷದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಪ್ರತ್ಯೇಕ ವಿಭಾಗವೇ ಇದೆ. ದೂರದ ಊರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗಾಗಲಿ ನಿಮಗಾಗಲಿ ಏನಾದರೂ ಮಾಡಿಕೊಳ್ಳೋ ಯೋಚನೆ ಸುಳಿದರೆ ಎರಡು ವಾರ ಕಾಯಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.