‘ಅನ್‌ಸ್ಟೆಡಿ ಫ್ಲೋ’ ಎಂದರೆ ಅಸ್ಥಿರ ಹರಿವೇ?

ಮಾನ್ಯರೇ,

ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕನ್ನಡ ಫಲಕ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಪೇಂಟರ್ ಸೋಮವಾರವೇ ಬರುತ್ತಾರೆ. ‘ಕೇಂದ್ರಾಪಗಾಮಿ ಸಂಪೀಡಕದ ವಿಸರಕದಲ್ಲಿ ಅಸ್ಥಿರ ವಾಯುಪ್ರವಾಹದ ಮಾಪನ’ ಎಂದು ಬರೆದೆ. ಸಂಪೀಡಕವೆಂದರೆ ಗಾಳಿಯನ್ನು ಒತ್ತುವ ಕಂಪ್ರೆಸರ್, ವಿಸರಕವೆಂದರೆ ಅದರಿಂದ ಗಾಳಿ ಹೊರಹೋಗುವ ದಾರಿಯಾದ ಡಿಫ್ಯೂಸರ್, ಅಸ್ಥಿರವೆಂದರೆ ಇಂಗ್ಲಿಷಿನ ‘ಅನ್‌ಸ್ಟೆಡಿ’. ತೋರಿಸಿದಾಗ ಅಲ್ಲಿಯ ಅಧ್ಯಾಪಕರು ‘ವಿಸರಕ’, ‘ಅಸ್ಥಿರ’ ಎರಡನ್ನೂ ಹೊಡೆದುಹಾಕಿದರು. ಅವರ ಕಂಪ್ರೆಸರಿನೊಳಗೆ ತಿರುಗುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, 16 ರೆಕ್ಕೆಗಳಿದ್ದು, ಅದು ನಿಮಿಷಕ್ಕೆ 15,000 ಸುತ್ತು ತಿರುಗುತ್ತದೆ. ಎಂದರೆ ಡಿಫ್ಯೂಸರಿನ ಬಾಯಲ್ಲಿ ಒಂದು ಬಿಂದುವನ್ನು ಸೆಕೆಂಡಿಗೆ 4,000 ರೆಕ್ಕೆಗಳು ದಾಟುತ್ತವೆ, ದಾಟಿದಾಗಲೆಲ್ಲ ಅಲ್ಲಿಯ ಒತ್ತಡ ಏರಿ ಇಳಿಯುತ್ತದೆ. ಯಂತ್ರ ಸುಸ್ಥಿತಿಯಲ್ಲಿ ಓಡುವಾಗಲೂ ಹೀಗೆಯೇ ಆಗುವುದರಿಂದ ಇದನ್ನು ಅಸ್ಥಿರವೆನ್ನಲಾಗದು ಎಂಬುದು ಅವರ ವಾದ. ಬೇರೆ ಪದ ಯಾವುದು?

ಗದಗಿನಿಂದ:

ಅಧ್ಯಾಪಕರ ಮಾತು ಸರಿಯಾಗಿದೆ. ಹರಿವು ತೀರ ಕಡಿಮೆಯಾಗಿ, ಗಾಳಿ ಮುಂದೆ ಸಾಗಲಾರದೆ ಹಿಂದಕ್ಕೆ ನುಗ್ಗಿ, ಇಡೀ ಯಂತ್ರ ಅದುರುವ ಸರ್ಜ್ ಎಂಬ ಸ್ಥಿತಿಗೆ ‘ಅಸ್ಥಿರ’ವನ್ನು ಕಾದಿರಿಸಿ. ನಿಮಗೆ ಬೇಕಾದದ್ದು ‘ಏರಿಳಿತ’. ‘ವಿಸರಕ’ವೂ ಬೇಡ. ಅತ್ತರಿನ ವಾಸನೆ ಕೋಣೆಯಲ್ಲಿ ಹರಡುವುದು ವಿಸರಣ. ಡಿಫ್ಯೂಸರಿನಲ್ಲಿ ದಾರಿ ಅಗಲವಾಗುತ್ತ ಗಾಳಿಯ ವೇಗ ತಗ್ಗಿ ಒತ್ತಡ ಹೆಚ್ಚುತ್ತದೆ, ಅಷ್ಟೇ. ನನ್ನನ್ನು ಕೇಳಿದರೆ ಇಡೀ ಯಂತ್ರಕ್ಕೆ ‘ಬೀಸು’ ಧಾತುವೊಂದೇ ಸಾಕು. ಗಾಳಿ ಬೀಸುತ್ತದೆ, ಬಲೆ ಬೀಸುತ್ತೇವೆ, ಜೋಳವನ್ನೂ ಬೀಸುತ್ತೇವೆ. ಬೀಸುವ ಕಲ್ಲಿನ ನಡುಬಾಯಿಗೆ ಹಾಕಿದ ಜೋಳ ಹಿಟ್ಟಾಗಿ ಸುತ್ತಲಿನ ಅಂಚಿನಿಂದ ಉದುರುವಂತೆ, ಇಲ್ಲಿಯೂ ನಡುವೆ ಹೊಕ್ಕ ಗಾಳಿ ಅಂಚಿನಿಂದ ಚಿಮ್ಮುತ್ತದೆ. ‘ಬೀಸುಯಂತ್ರ’ ಎಂದೇ ಬರೆಯಿರಿ.

ಧಾರವಾಡದಿಂದ:

ಬೀಸುಯಂತ್ರವೆಂದರೆ ಹಿಟ್ಟಿನ ಗಿರಣಿ. ಫಲಕ ನೋಡಿ ಜನ ಜೋಳದ ಡಬ್ಬಿ ಹಿಡಿದು ಬಂದಾರು. ಅಚ್ಚಗನ್ನಡದ ಹಟವಿರುವವರಿಗೆ ‘ಯಂತ್ರ’ ಸಂಸ್ಕೃತವೆಂಬುದು ಮರೆತುಹೋದದ್ದು ವಿಚಿತ್ರ. ಮರಾಠಿಯ ಗಿರಣಿಯನ್ನು ನಾವು ಹಿಂದಿರುಗಿಸಿಲ್ಲ; ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ‘ಕಂಪ್ರೆಸರ್’ ಎಂದರೆ ತಿಳಿಯದವರಿಲ್ಲ, ಅದನ್ನೇಕೆ ಹಿಂದಿರುಗಿಸಬೇಕು? ‘ಏರಿಳಿತ’ವೊಂದೇ ಸಾಲದು, ಬ್ಯಾಡಗಿ ಮೆಣಸಿನಕಾಯಿಯ ದರಕ್ಕೂ ಏರಿಳಿತವಿದೆ. ಗಾಳಿಯ ವೇಗ ಅಳೆಯುವ ಸಾದಾ ಪಿಟೋ ಕೊಳವೆ ಸರಾಸರಿಯನ್ನಷ್ಟೇ ತೋರಿಸುತ್ತದೆ. ಗೋಡೆಗೆ ಸಮನಾಗಿ ಕೂಡಿಸಿದ ಒತ್ತಡದ ಸೆನ್ಸರ್, ಕೂದಲಿಗಿಂತ ತೆಳುವಾದ ಬಿಸಿ ತಂತಿ, ಇಂಥವು ಮಾತ್ರ ಕ್ಷಣಕ್ಷಣದ ಬದಲಾವಣೆಯನ್ನು ಹಿಡಿಯುತ್ತವೆ. ಆ ‘ಕ್ಷಣಕ್ಷಣ’ ಪದದಲ್ಲಿಯೂ ಇರಬೇಕು.

ಹುಬ್ಬಳ್ಳಿಯಿಂದ:

ಫಲಕ ನಾಲ್ಕೇ ಅಡಿ ಉದ್ದವಿರುವುದರಿಂದ ‘ಕಂಪ್ರೆಸರ್ ಡಿಫ್ಯೂಸರಿನಲ್ಲಿ ಗಾಳಿಯ ಕ್ಷಣಕ್ಷಣದ ಏರಿಳಿತದ ಅಳತೆ’ ಎಂದು ಬರೆದುಕೊಟ್ಟೆ. ಸರ್ಜ್ ಬಂದರೆ ಏನು ಮಾಡಬೇಕೆಂದು ತಿಳಿಸುವ ಕೆಂಪು ಫಲಕ ಇನ್ನೂ ಬಾಕಿಯಿದೆ. ‘ಅಸ್ಥಿರ’ ಅಲ್ಲಿಗೆ ಹೋಗುತ್ತದೆ.