ನಾಲ್ಕು ವರ್ಷದ ಮಗುವಿನ ಉಗ್ಗು: ಚಿಕಿತ್ಸಾ ಪ್ರಯೋಗಕ್ಕೆ ಸೇರಿಸುವ ಮುನ್ನ ಏನು ಕೇಳಬೇಕು?

ಪ್ರಶ್ನೆ: ಮಗನಿಗೆ 4 ವರ್ಷ, ಎಂಟು ತಿಂಗಳಿಂದ ಉಗ್ಗುತ್ತಿದ್ದಾನೆ. ಲಿಡ್‌ಕೋಂಬ್ ಅನ್ನೋ ಪದ್ಧತಿಯ ಸಂಶೋಧನೆಗೆ ಸೇರಿಸಿ ಅಂತ ಒಬ್ಬರು ಹೇಳಿದ್ದಾರೆ. ಇನ್ನೊಂದು ಕಡೆ "ಹತ್ತರಲ್ಲಿ ಎಂಟು ಮಕ್ಕಳು ಗುಣ" ಅಂತ ಜಾಹೀರಾತು. ಯಾವುದನ್ನು ನಂಬೋದು? ಮಾತ್ರೆ ಏನಾದರೂ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ವಾಕ್ ಚಿಕಿತ್ಸಕಿ, ಮೈಸೂರು: ಅಮ್ಮಾ, ಆ "ಹತ್ತರಲ್ಲಿ ಎಂಟು" ನೋಡಿ ದುಡ್ಡು ಕಟ್ಟಬೇಡಿ. ಎಳವೆಯಲ್ಲಿ ಶುರುವಾದ ಉಗ್ಗು ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ಕೆಲವು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ ಚಿಕಿತ್ಸೆ ಪಡೆಯದ ಮಕ್ಕಳ ಗುಂಪಿನ ಜೊತೆ ಹೋಲಿಸದೆ ಹೇಳಿದ ಯಶಸ್ಸಿಗೆ ಬೆಲೆ ಇಲ್ಲ.

ಲಿಡ್‌ಕೋಂಬ್ ಸಿಡ್ನಿಯಲ್ಲಿ ಬೆಳೆದ ಪದ್ಧತಿ; ಮಗು ಸರಾಗವಾಗಿ ಮಾತಾಡಿದಾಗ ಮನೆಯವರೇ ಹೊಗಳುತ್ತಾ, ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ತಿದ್ದುತ್ತಾ ಹೋಗುವುದು. ನ್ಯೂಜಿಲೆಂಡಿನಲ್ಲಿ 3ರಿಂದ 6 ವರ್ಷದ 54 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2005ರಲ್ಲಿ ಬಂತು. ಒಂಬತ್ತು ತಿಂಗಳಿಗೆ ಚಿಕಿತ್ಸೆಯ ಗುಂಪಿನಲ್ಲಿ 52% ಮಕ್ಕಳ ಉಗ್ಗು ನೂರು ಅಕ್ಷರಕ್ಕೆ ಒಂದಕ್ಕಿಂತ ಕೆಳಗಿಳಿದಿತ್ತು, ಈ ಚಿಕಿತ್ಸೆ ಕೊಡದ ಇನ್ನೊಂದು ಗುಂಪಿನಲ್ಲಿ 15%. ಚಿಕಿತ್ಸೆಯ ಪಾಲು ಎಷ್ಟು ಅನ್ನೋದು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ. ವರ್ಷಗಳ ನಂತರ ಮತ್ತೆ ವಿಚಾರಿಸಿದಾಗ, ಚಿಕಿತ್ಸೆ ಮುಗಿಸಿದ್ದ 19 ಮಕ್ಕಳಲ್ಲಿ 3 ಮಕ್ಕಳಿಗೆ ಉಗ್ಗು ಮರುಕಳಿಸಿತ್ತು. ಆದ್ದರಿಂದ ಮಾತು ಸರಿಹೋಯಿತು ಅಂತ ಭೇಟಿಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಎರಡು ವಾರ, ನಾಲ್ಕು ವಾರ, ಎಂಟು ವಾರ ಹೀಗೆ ಅಂತರ ಹೆಚ್ಚಿಸುತ್ತಾ ಹೋಗಬೇಕು.

ನೆದರ್ಲೆಂಡ್ಸಿನಲ್ಲಿ 199 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ (2015) ಲಿಡ್‌ಕೋಂಬ್‌ಗೆ ಎದುರಾಗಿ ಇಟ್ಟಿದ್ದು, ಮನೆಯವರು ಮಾತಿನ ವೇಗ ಮತ್ತು ಒತ್ತಡ ತಗ್ಗಿಸುವ ಇನ್ನೊಂದು ಪದ್ಧತಿ. 18 ತಿಂಗಳಿಗೆ ಉಗ್ಗು ನಿಂತ ಮಕ್ಕಳು ಲಿಡ್‌ಕೋಂಬ್‌ನಲ್ಲಿ 76.5%, ಇನ್ನೊಂದರಲ್ಲಿ 71.4%. ಗಣನೀಯ ವ್ಯತ್ಯಾಸವಿಲ್ಲ. ನಿಮ್ಮೂರಿನ ಹತ್ತಿರ ಯಾವುದು ಚೆನ್ನಾಗಿ ಬಲ್ಲವರು ಸಿಗುತ್ತಾರೋ ಅದನ್ನೇ ಹಿಡಿಯಿರಿ ಅನ್ನೋದು ನನ್ನ ಅಭಿಪ್ರಾಯ.

ಲಿಡ್‌ಕೋಂಬ್‌ನಲ್ಲಿ ಮನೆಯಲ್ಲಿ ಮಾಡೋದು: ದಿನಕ್ಕೆ 10–15 ನಿಮಿಷ, ಚಿತ್ರದ ಪುಸ್ತಕ ಮುಂದಿಟ್ಟುಕೊಂಡು ಚಿಕ್ಕ ಉತ್ತರದ ಮಾತು. ಸರಾಗವಾಗಿ ಬಂದರೆ "ಎಷ್ಟು ಸಲೀಸಾಗಿ ಹೇಳ್ದೆ ಪುಟ್ಟಾ!" ತಡೆದರೆ, ಅದೂ ಯಾವಾಗಲೋ ಒಮ್ಮೆ, "ಅಲ್ಲಿ ಸ್ವಲ್ಪ ತಡೀತು, ಇನ್ನೊಂದ್ಸಲ ಹೇಳ್ತೀಯಾ?" ಹೊಗಳಿಕೆ ತಿದ್ದುವುದಕ್ಕಿಂತ ಬಹಳ ಪಾಲು ಹೆಚ್ಚಿರಬೇಕು. ಎಡವಟ್ಟಾಗುವುದು ಇಲ್ಲೇ. ಅಜ್ಜಿ, ಚಿಕ್ಕಪ್ಪ ಎಲ್ಲರೂ ಸೇರಿ ತಿದ್ದತೊಡಗಿದರೆ ಮಗು ಮಾತೇ ಬೇಡ ಅನ್ನುತ್ತದೆ. ಇನ್ನೊಂದು, ಉದ್ದುದ್ದ ಕಥೆ ಹೇಳಿಸಲು ಹೊರಡುವುದು. ವಾಕ್ಯ ಉದ್ದವಾದಷ್ಟೂ ಉಗ್ಗು ಹೆಚ್ಚುತ್ತದೆ, ಆಗ ಹೊಗಳಲು ಏನೂ ಉಳಿಯುವುದಿಲ್ಲ. ಇದನ್ನು ಚಿಕಿತ್ಸಕರ ಎದುರು ಕಲಿತೇ ಶುರುಮಾಡಿ. ಓದಿಕೊಂಡು ಬೇಡ.

ರಾತ್ರಿ ಮಲಗುವ ಮುಂಚೆ ಆ ಇಡೀ ದಿನದ ಮಾತಿಗೆ 0ಯಿಂದ 9ರೊಳಗೆ ಅಂಕ ಬರೆಯಿರಿ. 0 ಅಂದರೆ ಉಗ್ಗೇ ಇಲ್ಲ, 9 ಅಂದರೆ ವಿಪರೀತ. ಅಭ್ಯಾಸದ ಹೊತ್ತಿನ ಮಾತಿಗೆ ಮಾತ್ರ ಅಂಕ ಕೊಟ್ಟರೆ ಪಟ್ಟಿ ಸುಳ್ಳು ಹೇಳುತ್ತದೆ. ಕ್ಲಿನಿಕ್ಕಿನಲ್ಲಿ ಒಂದೇ ಮಾತುಕತೆಗೆ ನಿಮ್ಮ ಅಂಕ, ಚಿಕಿತ್ಸಕರ ಅಂಕ ಹೋಲಿಸಿ; ಒಂದಂಕಿ ಆಚೀಚೆ ಪರವಾಗಿಲ್ಲ.

ಸಂಶೋಧನೆಯ ದತ್ತಾಂಶ ನೋಡುವವರು: ಅಳತೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. "ಬಾ-ಬಾ-ಬಾಳೆಹಣ್ಣು ಬೇಕು" ಅಂದರೆ ಲೆಕ್ಕಕ್ಕೆ ಆರು ಅಕ್ಷರ, ಅದರಲ್ಲಿ ಉಗ್ಗಿದ್ದು ಒಂದು. ಮರುಕಳಿಸಿದ "ಬಾ"ಗಳನ್ನು ಬೇರೆಯಾಗಿ ಎಣಿಸಬಾರದು. 300 ಅಕ್ಷರಕ್ಕೆ 9 ಸಲ ಉಗ್ಗಿದರೆ 3%. ಕೆಲವರು ಅಕ್ಷರ ಬಿಟ್ಟು ಪದ ಎಣಿಸುತ್ತಾರೆ. "ಹೋಗಬೇಕಾಗಿತ್ತು" ಒಂದೇ ಪದ, ಅಕ್ಷರ ಆರು. ಹಾಗಾಗಿ ಕನ್ನಡದಲ್ಲಿ ಪದದ ಲೆಕ್ಕ ಹಿಡಿದರೆ ಅದೇ ಮಗುವಿನ ಶೇಕಡಾವಾರು ಹಲವು ಪಟ್ಟು ಏರುತ್ತದೆ. ಮೊದಲ ಸಲ ಪದ, ಕೊನೆಯ ಸಲ ಅಕ್ಷರ ಎಣಿಸಿದರೆ ಏನೂ ಮಾಡದೆಯೇ "ಗುಣ" ತೋರಿಸಬಹುದು. ಎಣಿಸುವ ಮಾತಿನ ಮಾದರಿ ಮನೆಯಲ್ಲಿ, ಬೇರೆ ಬೇರೆ ದಿನ ರೆಕಾರ್ಡ್ ಆಗಿದೆಯಾ, ಎಣಿಸಿದವರಿಗೆ ಮಗು ಯಾವ ಗುಂಪಿನದ್ದು ಅಂತ ಗೊತ್ತಿರಲಿಲ್ಲವಾ, ಇವೆರಡನ್ನೂ ಕೇಳಲೇಬೇಕು.

ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ಕೆಲಸ ಮಾಡಿದವರು: ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದರ ಜಾಲತಾಣದಲ್ಲಿ ನೀವೇ ಹುಡುಕಿ. 2018ರ ಏಪ್ರಿಲ್ 1ರಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಪ್ರಯೋಗದ ನೋಂದಣಿ ಆಗಿರಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮನೆಗೆ ತಂದು ಓದಿ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಅದರಲ್ಲಿ ಬರೆದಿರಬೇಕು. ಮಗು ಕಾಯುವ ಗುಂಪಿಗೆ, ಅಂದರೆ ಈಗಲೇ ಚಿಕಿತ್ಸೆ ಸಿಗದ ಗುಂಪಿಗೆ ಬಿದ್ದರೆ ಎಷ್ಟು ತಿಂಗಳು, ಆಮೇಲೆ ಚಿಕಿತ್ಸೆ ಖಚಿತವಾ? ಈ ವಯಸ್ಸಿನಲ್ಲಿ ಇದೇ ಮುಖ್ಯ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ದೊಡ್ಡವರಾದ ಮೇಲೂ ಉಗ್ಗು ಉಳಿದಿದ್ದರೆ, ಅಥವಾ ಉಗ್ಗು ಶುರುವಾಗಿ ವರ್ಷ ಆಗುತ್ತಾ ಬಂದರೂ ಇಳಿಯದಿದ್ದರೆ, ಉದ್ದದ ಕಾಯುವಿಕೆಗೆ ಒಪ್ಪಬೇಡಿ.

ಮಾತ್ರೆಯ ವಿಷಯ: ಉಗ್ಗಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಔಷಧಿ ಒಂದೂ ಇಲ್ಲ. ಪ್ಯಾಗೋಕ್ಲೋನ್ ಅನ್ನೋ ಔಷಧಿಯನ್ನು 132 ಜನರ ಮೇಲೆ ಪರೀಕ್ಷಿಸಿದಾಗ ಆಸೆ ಹುಟ್ಟಿಸಿತ್ತು, ಮಾರುಕಟ್ಟೆಗೆ ಬರಲಿಲ್ಲ. ಆಕ್ಸ್‌ಫರ್ಡಿನಲ್ಲಿ ತಲೆಯ ಎಡಭಾಗಕ್ಕೆ 1 ಮಿಲಿಆಂಪ್ ವಿದ್ಯುತ್ತನ್ನು ದಿನಕ್ಕೆ 20 ನಿಮಿಷದಂತೆ ಐದು ದಿನ ಹರಿಸಿ, ಜೊತೆಗೆ ಮಾತಿನ ಅಭ್ಯಾಸ ಮಾಡಿಸಿ ಉಗ್ಗು ತಗ್ಗಿಸಿದ್ದೂ (2018) 30 ವಯಸ್ಕ ಗಂಡಸರಲ್ಲಿ. ನಾಲ್ಕು ವರ್ಷದ ಮಗುವಿಗೆ ಇವೆರಡನ್ನೂ ಯಾರಾದರೂ ಸೂಚಿಸಿದರೆ ಆ ಜಾಗ ಬಿಟ್ಟು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇನ್ನೊಂದು ಅಭಿಪ್ರಾಯ ಪಡೆಯಿರಿ. ಹೋಗುವಾಗ ಮನೆಯ ಮಾತಿನ ಎರಡು ಮೂರು ರೆಕಾರ್ಡಿಂಗ್ ಜೊತೆಗಿರಲಿ. ಹೊಸಬರ ಎದುರು ಎಷ್ಟೋ ಮಕ್ಕಳು ಉಗ್ಗುವುದೇ ಇಲ್ಲ.